ಮೂರನೇ ಗುಂಡಿ

ಕಕ್ಕಸಿನ ಬಾಗಿಲಿಗೆ ಬೆರಳೊತ್ತುವ ಯಂತ್ರ ಬಂದ ದಿನ ಹೆಂಗಸರೆಲ್ಲ ನಕ್ಕರು. ಅತಿಕಾ ನಗಲಿಲ್ಲ. ಅವಳಿಗೆ ಸಮಾಧಾನವಾಗಿತ್ತು. ಆಮೇಲೆ ಎಷ್ಟೋ ದಿನ, ಆ ಸಮಾಧಾನ ನೆನಪಾದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು.

ಅದು ಒಳಉಡುಪು ಹೊಲಿಯುವ ಕಾರ್ಖಾನೆ. ಪಶ್ಚಿಮ ಜಾವಾದ ಗದ್ದೆಗಳನ್ನು ಮುಚ್ಚಿ ಕಟ್ಟಿದ್ದು. ತಗಡಿನ ಮಾಡಿನ ಕೆಳಗೆ ಸಾವಿರಾರು ಹೆಂಗಸರು ಬೇರೆ ದೇಶದ ಹೆಂಗಸರ ಎದೆ ಮುಚ್ಚುವ ಬಟ್ಟೆ ಹೊಲಿಯುತ್ತಿದ್ದರು. ಅತಿಕಾಳದು ಕೊಕ್ಕೆ ಕೂರಿಸುವ ಕೆಲಸ. ಕೊಕ್ಕೆ ಇಡು, ಪೆಡಲು ಒತ್ತು, ತಳ್ಳು. ಮತ್ತೆ ಕೊಕ್ಕೆ ಇಡು, ಪೆಡಲು ಒತ್ತು, ತಳ್ಳು. ಬೆಳಗಿನಿಂದ ಸಂಜೆಯವರೆಗೆ ಅದೇ. ಬಲಗಾಲಿನ ಮೀನಖಂಡ ಕಲ್ಲಾಗಿಹೋಗಿತ್ತು. ಹೆಬ್ಬೆರಳಿನ ಉಗುರನ್ನು ಸೂಜಿ ಒಮ್ಮೆ ತೂತು ಮಾಡಿತ್ತು. ಅದು ವಾಸಿಯಾದ ಮೇಲೂ ಸೊಟ್ಟಗೇ ಬೆಳೆಯುತ್ತಿತ್ತು. ನೀರು ಕುಡಿದರೆ ಏಳಬೇಕು, ಎದ್ದರೆ ಬೈಗುಳ ಎಂದು ಆ ಸಾಲಿನ ಅರ್ಧ ಹೆಂಗಸರು ನೀರೇ ಕುಡಿಯುತ್ತಿರಲಿಲ್ಲ. ಉಚ್ಚೆ ಹುಯ್ಯುವಾಗ ಉರಿಯುತ್ತಿತ್ತು. ಉರಿ ಎಲ್ಲರಿಗೂ ಇದ್ದದ್ದರಿಂದ ಅದನ್ನು ಯಾರೂ ಕಾಯಿಲೆ ಅನ್ನುತ್ತಿರಲಿಲ್ಲ.

ಮುಟ್ಟಾದರೆ ಮೊದಲೆರಡು ದಿನ ರಜೆ ಕೊಡಬೇಕೆಂದು ಆ ದೇಶದ ಕಾನೂನಿದೆ. ಕಾರ್ಖಾನೆ ಇಲ್ಲ ಅನ್ನುತ್ತಿರಲಿಲ್ಲ. ಕೇಳಬೇಕಾದದ್ದು ಮಾತ್ರ ಸಾಲಿನ ಮೇಲ್ವಿಚಾರಕ ಯಾಯಾತನನ್ನು. ಯಾಯಾತ್ ದವಾಖಾನೆಯ ಕಡೆ ಬೆರಳು ತೋರಿಸುತ್ತಿದ್ದ. ದವಾಖಾನೆಯಲ್ಲಿ ನರ್ಸು ಅರ್ಧ ಪರದೆ ಎಳೆದು, ತೋರಿಸು ಅನ್ನುತ್ತಿದ್ದಳು. ಅತಿಕಾ ಒಂದು ಸಲ ತೋರಿಸಿದ್ದಳು. ಚಡ್ಡಿಯನ್ನು ಮೊಣಕಾಲಿಗೆ ಇಳಿಸಿ ನಿಂತಿದ್ದಳು. ನರ್ಸು ಬಗ್ಗಿ ನೋಡಿ, ಡಬ್ಬಿಯಲ್ಲಿ ಸಕ್ಕರೆ ಇದೆಯೋ ಇಲ್ಲವೋ ನೋಡಿ ಹೇಳುವವಳ ಹಾಗೆ, ಹೂಂ ಇದೆ ಅಂದಿದ್ದಳು. ಅಂದಿನಿಂದ ಅತಿಕಾ ರಜೆ ಕೇಳಿರಲಿಲ್ಲ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಬಂದು ಕೊಕ್ಕೆ ಕೂರಿಸುತ್ತಿದ್ದಳು.

ಹೀಗಿರುವಾಗ ಯಂತ್ರ ಬಂತು. ಸಿಬ್ಬಂದಿ ವಿಭಾಗದ ಹೆರ್ಲಿನಾ ಮೇಡಂ ಮೈಕಿನಲ್ಲಿ ವಿವರಿಸಿದಳು. ಕಕ್ಕಸಿನ ಹೊರಬಾಗಿಲಿಗೆ ಇನ್ನು ಬೀಗವಿದೆ. ಗಾಜಿನ ಮೇಲೆ ಬೆರಳಿಟ್ಟು ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಿದರೆ ತೆರೆಯುತ್ತದೆ. ಹನಿಯ ಚಿತ್ರ ಇರುವುದು ಒಂದಕ್ಕೆ. ಕಂದು ಬಣ್ಣದ್ದು ಎರಡಕ್ಕೆ. ಕೆಂಪು ಹೂವಿನದು ತಿಂಗಳಿನದಕ್ಕೆ. ಹೂವು ಒತ್ತಿದವರಿಗೆ ರಜೆ ತಾನಾಗಿಯೇ ಸಿಗುತ್ತದೆ. ಗಂಡಸನ್ನು ಕೇಳಬೇಕಾಗಿಲ್ಲ. ನರ್ಸಿಗೆ ತೋರಿಸಬೇಕಾಗಿಲ್ಲ. ನಿಮ್ಮ ಮಾನ ಇನ್ನು ನಿಮ್ಮ ಬೆರಳಲ್ಲೇ ಇದೆ ಅಂದಳು ಹೆರ್ಲಿನಾ.

ಸಾಲಿನ ಕೊನೆಯಲ್ಲಿ ದಾರ ಕತ್ತರಿಸುವ ಓಮಾ ಎಂಬ ಹಳಬಳಿದ್ದಳು. ಕಾರ್ಖಾನೆ ಶುರುವಾದಾಗಿನಿಂದ ಅಲ್ಲೇ ಇದ್ದವಳು.

“ಕಕ್ಕಸಿಗೂ ಹಾಜರಿ ಬಂತಲ್ರೇ. ಹೂಸಿಗೊಂದು ಗುಂಡಿ ಇಡೋದು ಮರೆತಿದ್ದಾರೆ, ಪಾಪ.”

ನಗು ಎದ್ದದ್ದು ಆ ಮಾತಿಗೆ.

ಅತಿಕಾಳ ಪಕ್ಕದ ಯಂತ್ರದಲ್ಲಿ ಸುರ್ತಿ ಕೂರುತ್ತಿದ್ದಳು. ಗುಡ್ಡದ ಮೇಲಿನ ಚಿಕೊಂಡಂಗ್ ಹಳ್ಳಿಯವಳು. ಇಪ್ಪತ್ತು ತುಂಬಿತ್ತೋ ಇಲ್ಲವೋ. ಭುಜದ ಪಟ್ಟಿ ಹೊಲಿಯುತ್ತಿದ್ದಳು. ಕೆಲಸ ಕಲಿಸಿದವಳು ಅತಿಕಾ, ಬಾಡಿಗೆ ಕೋಣೆ ಹುಡುಕಿಕೊಟ್ಟವಳೂ ಅವಳೇ. ಯಂತ್ರಕ್ಕೆ ಬೆರಳು ಕೊಡಲು ಎಲ್ಲರೂ ಸಾಲಾಗಿ ನಿಂತಾಗ ಸುರ್ತಿ ಹಿಂದೆ ಸರಿದಳು.

“ಅಕ್ಕಾ, ನಾನು ಯಾವಾಗ ಏನು ಮಾಡ್ತೀನಿ ಅಂತ ಇವ್ರಿಗೆ ಯಾಕೆ ಬೇಕು?”

“ಚಡ್ಡಿ ಇಳಿಸಿ ನಿಂತಿದ್ದೀಯಾ ನೀನು? ನಿಂತಿದ್ರೆ ಕೇಳ್ತಿರ್ಲಿಲ್ಲ. ಬಾ.”

ಅತಿಕಾ ಅವಳ ಮುಂಗೈ ಹಿಡಿದು ಎಳೆದಳು. ತೋರುಬೆರಳನ್ನು ಬಿಡಿಸಿ ಗಾಜಿನ ಮೇಲೆ ಒತ್ತಿಸಿದಳು. ಹಸಿರು ದೀಪ ಹತ್ತಿತು. ನೋಡು, ಇಷ್ಟೇ ಅಂದಳು. ಮೂರನೇ ಗುಂಡಿ ಯಾವುದೆಂದು ತೋರಿಸಿಕೊಟ್ಟವಳೂ ಅವಳೇ.

ಮೊದಲ ತಿಂಗಳು ಅತಿಕಾ ಹೂವು ಒತ್ತಿದಳು. ರಜೆ ಸಿಕ್ಕಿತು. ಕೋಣೆಯಲ್ಲಿ ಚಾಪೆಯ ಮೇಲೆ ಮಂಡಿ ಮಡಚಿ ಮಲಗಿ, ಹಗಲಿನ ಬಿಸಿಲು ಗೋಡೆಯ ಮೇಲೆ ಸರಿಯುವುದನ್ನು ನೋಡಿದಳು. ಬದುಕಿನಲ್ಲಿ ಏನೋ ಗೆದ್ದ ಹಾಗಿತ್ತು.

ಆಮೇಲೆ ಸಾಲಿನ ಮೇಲೆ ಟೀವಿ ತೂಗುಹಾಕಿದರು. ಅದರಲ್ಲಿ ಎಲ್ಲರ ಮುಖಗಳು. ಕಕ್ಕಸಿಗೆ ಹೋದವಳ ಮುಖ ಹಳದಿಯಾಗುತ್ತಿತ್ತು. ಹೊತ್ತು ಮೀರಿದರೆ ಕೆಂಪಾಗಿ ಮಿಣಕುತ್ತಿತ್ತು. ಒತ್ತಿದ ಗುಂಡಿಯ ಚಿತ್ರವೂ ಮುಖದ ಪಕ್ಕದಲ್ಲೇ ಕಾಣುತ್ತಿತ್ತು. ಬಟ್ಟೆ ಗಂಟು ಹೊರುವ ಗಂಡಸರು ಹೋಗುತ್ತ ಬರುತ್ತ ತಲೆ ಎತ್ತಿ ನೋಡುತ್ತಿದ್ದರು. ಯಾರ ಪಕ್ಕದಲ್ಲಿ ಇವತ್ತು ಹೂವು ಅರಳಿದೆ ಎಂದು ಲೆಕ್ಕ ಹಾಕುತ್ತಿದ್ದರು. ಒಬ್ಬನಂತೂ ಅತಿಕಾಳಿಗೆ ಹೂವಿನಂಗಡಿ ಅಕ್ಕ ಎಂದು ಹೆಸರಿಟ್ಟ. ಅವಳು ತಲೆ ತಗ್ಗಿಸಿ ಕೊಕ್ಕೆ ಇಟ್ಟಳು, ಪೆಡಲು ಒತ್ತಿದಳು. ಟೀವಿ ತೆಗೆಸಿ ಎಂದು ಕೇಳಲು ಬಾಯಿ ಬರಲಿಲ್ಲ. ಬೆರಳು ಕೊಟ್ಟಾಗಿತ್ತು. ಬೇರೆಯವರ ಬೆರಳನ್ನೂ ಕೊಡಿಸಿಯಾಗಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಸುರ್ತಿಯ ಬೆರಳಿಗೆ ಕಾರ್ಖಾನೆಯ ಗೇಟು ತೆರೆಯಲಿಲ್ಲ. ಅತಿಕಾ ಒಳಗಿದ್ದಳು, ನೋಡಲಿಲ್ಲ. ಕಾವಲಿನವನು ಪಕ್ಕಕ್ಕೆ ಕರೆದು ಕರಾರು ಮುಗಿದಿದೆ ಅಂದನಂತೆ. ಮಧ್ಯಾಹ್ನ ಊಟದ ಹೊತ್ತಿಗೆ ಟೀವಿಯಲ್ಲಿ ಅವಳ ಮುಖವಿದ್ದ ಜಾಗದಲ್ಲಿ ಬೇರೊಬ್ಬಳ ಮುಖವಿತ್ತು. ಬಸುರಿಯಂತೆ ಎಂದು ಅನ್ನದ ಬುತ್ತಿಗಳ ಮೇಲಿನಿಂದ ಪಿಸುಮಾತು ಹಾದುಹೋಯಿತು. ಮದುವೆಯಾಗದವಳು ಎಂದೂ ಸೇರಿಕೊಂಡಿತು. ಅತಿಕಾಳಿಗೆ ಮೊದಲು ಬಂದದ್ದು ಸಿಟ್ಟು. ನನಗೆ ಹೇಳಬಹುದಿತ್ತಲ್ಲ ಈ ಹುಡುಗಿ ಅನ್ನಿಸಿತು.

ಒಂದು ಭಾನುವಾರ ಅವಳು ಚಿಕೊಂಡಂಗ್‌ಗೆ ಹೋದಳು. ವ್ಯಾನು ಗುಡ್ಡದ ಬುಡದವರೆಗೆ ಮಾತ್ರ. ಮೇಲೆ ನಡೆಯಬೇಕು. ಮನೆಯ ಹಿಂದಿನ ಜಗಲಿಯಲ್ಲಿ ಸುರ್ತಿ ಮರಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು. ಮೈ ತುಂಬಿತ್ತು, ಮುಖ ಇಳಿದಿತ್ತು. ಅಂಗಳದಲ್ಲಿ ಕೋಳಿಗೂಡು ರಿಪೇರಿ ಮಾಡುತ್ತಿದ್ದ ಅವಳಪ್ಪ ಅತಿಕಾಳನ್ನು ಕಂಡವನೇ ಸುತ್ತಿಗೆ ಇಟ್ಟು ಎದ್ದು ಹೋದ. ಬಾ ಅನ್ನಲಿಲ್ಲ.

ಸುರ್ತಿ ಚಾಪೆ ತೋರಿಸಿದಳು. ಹುಡುಗ ಒಳ್ಳೆಯವನೇ, ಟೈಲ್ಸ್ ಕೆಲಸದವನು, ಊರವರ ಮುಂದೆ ನಿಕಾಹ್ ಆಗಿದೆ ಎಂದಳು. ಹಾಗಾದರೆ ಎಲ್ಲ ಸರಿಹೋಯಿತಲ್ಲ ಎಂದು ಅತಿಕಾ ಬಾಯಿ ಹಾಕಿದಳು. ಸುರ್ತಿ ಚಾಕು ಕೆಳಗಿಟ್ಟಳು.

“ಅಕ್ಕಾ, ನಂಗೆ ಗೊತ್ತಿರ್ಲಿಲ್ಲ. ಒಂದೆರಡು ವಾರ ಹಿಂದೆ ಮುಂದೆ ಆಗಿದೆ ಅಂದ್ಕೊಂಡಿದ್ದೆ. ಮೇಡಂ ಅಪ್ಪಂಗೆ ಫೋನ್ ಮಾಡಿದ್ರು. ನಿಮ್ಮ ಮಗಳು ಹೂವಿನ ಗುಂಡಿ ಒತ್ತಿ ಬಹಳ ದಿನ ಆಯ್ತು, ಮನೆಗೆ ಕರೆಸಿಕೊಳ್ಳಿ ಅಂದ್ರು. ಗೇಟಿಂದ ವಾಪಸ್ ಬಂದು ಬಸ್ ಹತ್ತಿ ಇಲ್ಲಿಗೆ ಬಂದ್ರೆ ಅಪ್ಪ ಬಾಗ್ಲಲ್ಲಿ ನಿಂತಿದ್ದ. ನೀನು ಬಸುರಿ ಅಂತ ನಂಗೆ ಹೇಳಿದ್ದು ಅಪ್ಪ. ಅಪ್ಪನ ಬಾಯಿಂದ ಕೇಳಿದೆ ನಾನು.”

ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಆ ಸದ್ದೂ ನಿಂತಿತು.

“ಅದು ನಾನು ಹೇಳಬೇಕಾದ ಮಾತಾಗಿತ್ತು,” ಅಂದಳು ಸುರ್ತಿ. “ಮೊದಲು ಅವನಿಗೆ. ಆಮೇಲೆ ಅಮ್ಮಂಗೆ. ಅಪ್ಪಂಗೆ ಅಮ್ಮ ಹೇಳ್ತಿದ್ಲು. ಈಗ ಅಪ್ಪ ನನ್ನ ಮುಖ ನೋಡಲ್ಲ. ನಾನೂ ಅವನ ಮುಖ ನೋಡಲ್ಲ.”

ನಿನ್ನ ಬೆರಳು ಒತ್ತಿಸಿದ್ದು ನಾನು ಎಂದು ಅತಿಕಾ ಹೇಳಿದಳು. ಇಲ್ಲ ಅಕ್ಕಾ, ನಿನ್ನ ತಪ್ಪೇನಿದೆ ಎಂದು ಸುರ್ತಿ ಅಂದಾಳು ಎಂದು ಎಲ್ಲೋ ಒಳಗೆ ಕಾಯುತ್ತಿದ್ದಳು.

“ಗೊತ್ತು,” ಅಂದಳು ಸುರ್ತಿ. ಮತ್ತೆ ಚಾಕು ತೆಗೆದುಕೊಂಡಳು. “ವ್ಯಾನ್ ತಪ್ಪುತ್ತೆ. ಹೊರಡು.”

ಗುಡ್ಡ ಇಳಿಯುವಾಗ ಅತಿಕಾಳ ಕಾಲು ಎರಡು ಕಡೆ ಜಾರಿತು. ಅಳು ಬರಲಿಲ್ಲ. ನಾಚಿಕೆ ಬಂತು. ಬೆವರಿನ ಹಾಗೆ ಮೈಗೆ ಅಂಟಿಕೊಂಡ ನಾಚಿಕೆ. ಸ್ನಾನ ಮಾಡಿದರೂ ಹೋಗಲಿಲ್ಲ.

ಅತಿಕಾಳ ಗಂಡ ಬಾತಾಮ್ ದ್ವೀಪದಲ್ಲಿ ಕಟ್ಟಡದಿಂದ ಬಿದ್ದು ಸತ್ತು ವರ್ಷಗಳಾಗಿದ್ದವು. ವಿಧವೆ ಎಂದರೆ ಎಲ್ಲ ಒಣಗಿಹೋದವಳು ಎಂದು ಕೇರಿ ತಿಳಿದಿತ್ತು. ಹಾಗೇನೂ ಇರಲಿಲ್ಲ. ದಾರ್ಸಾ ಎಂಬವನು ಕೆಲಸದ ಹೆಂಗಸರನ್ನು ಕಾರ್ಖಾನೆಗೆ ಸಾಗಿಸುವ ಪಿಕಪ್ ಓಡಿಸುತ್ತಿದ್ದ. ಅವನೂ ಹೆಂಡತಿ ಕಳೆದುಕೊಂಡವನು. ಹಬ್ಬ ಕಳೆದ ಮೇಲೆ ಮದುವೆಯಾಗೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಮಾತಾಡಿಕೊಂಡದ್ದಷ್ಟೇ ಅಲ್ಲ. ಹೀಗಾಗಿ ಅವಳಿಗೂ ಹೊತ್ತಿಗೆ ಸರಿಯಾಗಿ ಮುಟ್ಟಾಗದೆ ಹೋದಾಗ ಅವಳ ಎದೆ ನಿಜವಾಗಿಯೂ ಹೊಡೆದುಕೊಂಡಿತು. ವಯಸ್ಸು ನಲವತ್ತು ದಾಟಿತ್ತು. ನಿಲ್ಲುವ ಕಾಲವೂ ಇರಬಹುದು. ಇನ್ನೊಂದೂ ಇರಬಹುದು. ಯಾವುದೆಂದು ತಾನು ತಿಳಿದುಕೊಳ್ಳುವ ಮೊದಲು ಯಂತ್ರ ತಿಳಿದುಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದು ದಿನ ಸುಮ್ಮನೆ ಹೂವು ಒತ್ತಿಬಿಡಲೇ ಎಂದು ಯೋಚಿಸಿದಳು. ಬೆರಳು ಮುಂದೆ ಹೋಯಿತು. ಕಕ್ಕಸಿಗೆ ಹೋಗಲು ಸುಳ್ಳು ಹೇಳುವ ಮಟ್ಟಕ್ಕೆ ಬಂದೆನಲ್ಲ ಎಂದು ಹಿಂತೆಗೆದಳು. ಹನಿ ಒತ್ತಿದಳು.

ಕರಾರು ಮುಗಿಯುವ ವಾರ ಹೆರ್ಲಿನಾಳ ಕೋಣೆಯಿಂದ ಕರೆ ಬಂತು. ಕೋಣೆ ತಣ್ಣಗಿತ್ತು. ಮೇಜಿನ ಮೇಲಿನ ಪರದೆಯನ್ನು ಹೆರ್ಲಿನಾ ಅವಳ ಕಡೆ ತಿರುಗಿಸಿದಳು. ಅತಿಕಾಳ ಮುಖ. ಅದರ ಕೆಳಗೆ ಅವಳು ಕಕ್ಕಸಿಗೆ ಹೋದದ್ದೆಲ್ಲ ಹನಿ ಹನಿಯಾಗಿ, ಕಂದು ಚುಕ್ಕೆಯಾಗಿ ಸಾಲುಗಟ್ಟಿತ್ತು. ಕೆಂಪು ಎಲ್ಲೋ ಹಿಂದೆ ಉಳಿದಿತ್ತು. ತನ್ನ ಹೊಟ್ಟೆಯೊಳಗಿನದನ್ನು ಯಾರೋ ತೆಗೆದು ಹಗ್ಗದ ಮೇಲೆ ಒಣಹಾಕಿದ ಹಾಗಿತ್ತು. ಅವಳು ಕಣ್ಣು ತಗ್ಗಿಸಿದಳು. ತಗ್ಗಿಸಬೇಕಾದವಳು ತಾನಲ್ಲ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಹೆರ್ಲಿನಾ ಗದರಲಿಲ್ಲ. ನಾನೂ ಹೆಂಗಸೇ ಅಂದಳು. ಗಂಡನಿಲ್ಲದವಳು ನೀನು, ನಾಳೆ ಕೇರಿಯವರು ಕಾರ್ಖಾನೆಯ ಕಡೆ ಬೆರಳು ತೋರಿಸಬಾರದಲ್ಲ ಅಂದಳು. ಒಂದು ಸಣ್ಣ ಪರೀಕ್ಷೆ, ಏನೂ ಇಲ್ಲವೆಂದಾದರೆ ಈಗಲೇ ಹೊಸ ಕರಾರು, ಇಲ್ಲದಿದ್ದರೆ ನಿಮ್ಮ ಕೇರಿಯ ಮುಖ್ಯಸ್ಥರಿಗೆ ತಿಳಿಸುವುದು ನಮ್ಮ ಕರ್ತವ್ಯ ಅಂದಳು. ಎಲ್ಲವನ್ನೂ ಮೆಲ್ಲಗೆ, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ ಹೇಳಿದಳು.

“ನಿಮ್ಮ ಕಕ್ಕಸಿನ ಬಾಗಿಲಿಗೂ ಈ ಯಂತ್ರ ಇದೆಯಾ ಮೇಡಂ?”

ಹೆರ್ಲಿನಾ ನರ್ಸನ್ನು ಕರೆದಳು.

ನರ್ಸು ಪ್ಲಾಸ್ಟಿಕ್ ಲೋಟ ಕೊಟ್ಟಳು. ದವಾಖಾನೆಯ ಕಕ್ಕಸಿನ ಬಾಗಿಲು ಹಾಕುವಂತಿಲ್ಲ ಅಂದಳು. ಕೆಲವರು ಬೇರೆಯವರ ಉಚ್ಚೆ ತಂದು ಕೊಡುತ್ತಾರಂತೆ. ಅತಿಕಾ ಒಳಗೆ ಹೋದಳು. ಬಾಗಿಲಾಚೆ ನರ್ಸು ಗೋಡೆಗೆ ಒರಗಿ ಫೋನು ನೋಡುತ್ತ ನಿಂತಳು. ಅತಿಕಾ ಪ್ಯಾಂಟಿನ ಗಂಟು ಬಿಚ್ಚಿದಳು. ಕುಕ್ಕರಗಾಲಲ್ಲಿ ಕೂತಳು. ಆಗ ಕಂಡಿತು.

ರಕ್ತ.

ಮೊದಲು ಬಂದದ್ದು ಖುಷಿ. ಅದನ್ನು ಮುಚ್ಚಿಡುವುದು ಬೇಡ. ಖುಷಿಯೇ ಬಂತು. ಬಂತು, ಬದುಕಿದೆ, ಕೆಲಸ ಉಳಿಯಿತು ಎಂದು ಮೈಯೆಲ್ಲ ಸಡಿಲವಾಯಿತು. ಸಿಸ್ಟರ್, ನೋಡಿ ಬನ್ನಿ ಎಂದು ಕೂಗಲು ಬಾಯಿ ತೆರೆದಳು. ಚಡ್ಡಿಯನ್ನು ಅಗಲವಾಗಿ ಹಿಡಿದುಕೊಂಡೇ ಇದ್ದಳು, ತೋರಿಸಲು. ಯಾರೂ ಕೇಳದೆಯೇ. ತಾನಾಗಿಯೇ.

ತನ್ನ ಕೈಗಳನ್ನು ತಾನೇ ನೋಡಿದಳು. ತೋರಿಸು ಎಂದು ಯಾರಾದರೂ ಹೇಳಿದಾಗ ನಾಚಿಕೆಯಾಗಿತ್ತು. ಈಗ ಹೇಳುವವರೂ ಬೇಕಾಗಿಲ್ಲ. ಯಂತ್ರ ಬಾಗಿಲಲ್ಲಿಲ್ಲ, ನನ್ನೊಳಗೇ ಕೂತಿದೆ ಅನ್ನಿಸಿತು. ಸುರ್ತಿಯ ಮುಂಗೈ ಹಿಡಿದೆಳೆದದ್ದೂ ಇವೇ ಕೈಗಳು. ಆ ಹುಡುಗಿಗೆ ತೋರಿಸಲು ರಕ್ತ ಇರಲಿಲ್ಲ. ನನಗಿದೆ. ಇದ್ದವಳು ತೋರಿಸಿ ಪಾರಾಗುತ್ತ ಹೋದರೆ ಇಲ್ಲದವಳ ಗತಿ ಏನು?

ಅತಿಕಾ ಬಾಯಿ ಮುಚ್ಚಿದಳು. ಚಡ್ಡಿ ಮೇಲೆಳೆದುಕೊಂಡಳು. ಪ್ಯಾಂಟು ಕಟ್ಟಿದಳು. ತೊಡೆ ಒದ್ದೆಯಾಗುತ್ತಿತ್ತು. ಹೊರಗೆ ಬಂದು ಖಾಲಿ ಲೋಟವನ್ನು ಹೆರ್ಲಿನಾಳ ಮೇಜಿನ ಮೇಲಿಟ್ಟಳು.

“ಬರಲಿಲ್ವಾ? ನೀರು ಕುಡಿ. ಕಾಯ್ತೀನಿ,” ಅಂದಳು ಹೆರ್ಲಿನಾ.

“ಕೊಡಲ್ಲ ಮೇಡಂ.”

“ಅಂದ್ರೆ ಬಸುರಿ ಅಂತ ತಿಳ್ಕೋಬೇಕಾಗುತ್ತೆ.”

“ತಿಳ್ಕೊಳ್ಳಿ. ಇರಬಹುದು. ಇಲ್ಲದೆಯೂ ಇರಬಹುದು. ನಿಮಗೆ ಹೇಳಲ್ಲ.”

ಅವಳು ಯಾರ ಹತ್ತಿರವೂ ಹಾಗೆ ಮಾತಾಡಿದವಳಲ್ಲ. ಧೈರ್ಯ ಬಂದಿರಲಿಲ್ಲ, ನಾಚಿಕೆ ತಡೆಯಲಾಗದೆ ಆಡಿದ ಮಾತು. ಹಾಗೇ ಹೊರಗೆ ನಡೆದಳು.

ಕಕ್ಕಸಿಗೆ ಹೊಲಿಗೆಯ ಷೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ಸಮವಸ್ತ್ರದ ಪ್ಯಾಂಟು ತಿಳಿ ನೀಲಿ. ಹಿಂದೆ ಕಲೆ ಹರಡುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಒಂದೊಂದು ಸಾಲು ದಾಟಿದಾಗಲೂ ಆ ಸಾಲಿನ ಯಂತ್ರಗಳ ಸದ್ದು ಸ್ವಲ್ಪ ಇಳಿಯುತ್ತಿತ್ತು. ಬಟ್ಟೆ ಗಂಟು ಹೊತ್ತವನು ಬಾಯಿ ತೆರೆದು ನಿಂತ. ಓಡಬೇಕು ಅನ್ನಿಸಿತು. ಓಡಲಿಲ್ಲ.

ಯಾಯಾತ್ ಎದುರು ಬಂದ. ಕಲೆ ನೋಡಿದ. ಅವನ ಮುಖ ಅರಳಿತು. ಅವನೇನೂ ಕೆಟ್ಟವನಲ್ಲ. ಗಟ್ಟಿಯಾಗಿ ಬೈಯುವುದು ಅವನ ಸಂಬಳದ ಕೆಲಸ.

“ಆಗಿದೆಯಲ್ಲ ಅತಿಕಾ. ಹೋಗಿ ಹೂವು ಒತ್ತು. ನಾನು ಮೇಡಮ್ಮಿಗೆ ಹೇಳ್ತೀನಿ. ಎಲ್ಲ ಸರಿಹೋಯ್ತು ಹೋಗು.”

“ನೀವು ಏನೂ ನೋಡಿಲ್ಲ ಸಾರ್.”

“ನಿನಗೋಸ್ಕರ ಹೇಳಿದ್ದು ನಾನು.”

“ನನಗೋಸ್ಕರ ಆ ಕಡೆ ತಿರುಗಿ.”

ಯಾಯಾತ್ ಕೆಂಪಾದ. ಆದರೂ ತಿರುಗಿದ.

ಕಕ್ಕಸಿನ ಬಾಗಿಲ ಮುಂದೆ ಅವಳು ನಿಂತಳು. ಗಾಜು ಹಸಿರಾಗಿ ಹೊಳೆಯುತ್ತಿತ್ತು. ಬೆರಳಿಡದೆ ತೆರೆಯುವುದಿಲ್ಲ. ಬೆರಳಿಡಲು ಅವಳಿಗೆ ಆಗಲಿಲ್ಲ. ನಿಂತೇ ಇದ್ದಳು. ರಕ್ತ ಮೊಣಕಾಲಿನ ಹಿಂಬದಿಗೆ ಇಳಿದು ಪಾದದವರೆಗೆ ಬಂತು. ಸಾವಿರ ಹೆಂಗಸರ ಕಣ್ಣು ಬೆನ್ನ ಮೇಲಿತ್ತು. ಚಪ್ಪಲಿ ಒದ್ದೆಯಾಯಿತು. ಸಾಯುವುದೇ ವಾಸಿ ಅನ್ನುವಷ್ಟು ನಾಚಿಕೆಯಾಯಿತು ಅವಳಿಗೆ. ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ.

ಸಾಲಿನ ಕೊನೆಯಿಂದ ಓಮಾ ಎದ್ದಳು. ಕತ್ತರಿಯನ್ನು ಜೇಬಿಗೆ ಹಾಕಿಕೊಂಡು, ಸೊಂಟ ಹಿಡಿದುಕೊಂಡು ಬಂದಳು. ತನ್ನ ಬೆರಳಿಟ್ಟು, ಯಾವ ಗುಂಡಿ ಎಂದು ನೋಡದೆ ಅಂಗೈಯಿಂದ ಮೂರನ್ನೂ ಗುದ್ದಿದಳು. ಬಾಗಿಲು ತೆರೆಯಿತು. ಅತಿಕಾಳನ್ನು ಒಳಗೆ ನೂಕಿ, ತಾನು ಹೊಸ್ತಿಲ ಮೇಲೆ ಬಾಗಿಲಿಗೆ ಒರಗಿ ನಿಂತಳು. ಬಾಗಿಲು ಮುಚ್ಚದಿದ್ದರೆ ಯಂತ್ರ ಕೂಗುತ್ತದೆ. ಕೂಗತೊಡಗಿತು.

“ಬರೋರು ಬನ್ರೇ. ಬೆರಳು ತೊಳೀದೇ ಇರೋರೂ ಬನ್ನಿ.”

ಮೊದಲು ಯಾರೂ ಏಳಲಿಲ್ಲ. ಆಮೇಲೆ ಒಬ್ಬಳು ಎದ್ದಳು. ಅವಳ ಹಿಂದೆ ಇನ್ನಿಬ್ಬರು. ಯಂತ್ರ ಕೂಗುತ್ತಲೇ ಇತ್ತು. ಹೆಂಗಸರು ಓಮಾಳ ಕಂಕುಳ ಕೆಳಗೆ ತಲೆ ಬಗ್ಗಿಸಿ ನುಸುಳಿದರು. ಟೀವಿಯಲ್ಲಿ ಓಮಾಳದು ಬಿಟ್ಟು ಯಾವ ಮುಖವೂ ಹಳದಿಯಾಗಲಿಲ್ಲ. ಒಳಗೆ ಯಾರೋ ಅತಿಕಾಳಿಗೆ ಪ್ಯಾಡು ಕೊಟ್ಟರು. ಯಾರೋ ತಲೆವಸ್ತ್ರ ಬಿಚ್ಚಿ ಸೊಂಟಕ್ಕೆ ಸುತ್ತಿದರು. ಆಗಿದೆಯಾ, ಇಲ್ಲವಾ ಎಂದು ಒಬ್ಬಳೂ ಕೇಳಲಿಲ್ಲ. ಕಾವಲಿನವನು ಓಡಿ ಬಂದಾಗ ಓಮಾ, ಕಾಲು ಹಿಡಿದುಕೊಂಡಿದೆ, ಕದಲಲಾಗುತ್ತಿಲ್ಲ, ಎತ್ತಿಕೊಂಡು ಹೋಗ್ತೀಯಾ ಮಗಾ ಎಂದು ಕೇಳಿದಳು. ಅವನು ಹೆಂಗಸರ ಕಕ್ಕಸಿನ ಬಾಗಿಲಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತ.

ಗೆದ್ದರು ಎಂದು ಹೇಳುವಂತಿಲ್ಲ. ಅತಿಕಾಳ ಕರಾರು ಮುಂದುವರಿಯಲಿಲ್ಲ. ಓಮಾಳನ್ನು ಬಟ್ಟೆಯ ಉರುಳೆ ಹೊರುವ ಗೋದಾಮಿಗೆ ಹಾಕಿದರು. ಆ ವಯಸ್ಸಿಗೆ ಅವಳು ಉರುಳೆ ಹೊತ್ತಳು. ಮಾರನೆಯ ದಿನದಿಂದ ಬಾಗಿಲಲ್ಲಿ ಕಾವಲಿನ ಹೆಂಗಸೊಬ್ಬಳನ್ನು ನಿಲ್ಲಿಸಿದರು.

ಕೇರಿಯ ಮುಖ್ಯಸ್ಥ ಸೋಲಿಹ್ ಎರಡೇ ದಿನಕ್ಕೆ ಬಾಗಿಲಿಗೆ ಬಂದ. ಪರೀಕ್ಷೆಗೆ ಒಪ್ಪಲಿಲ್ಲ, ಬಸುರಿಯೇ ಇರಬೇಕು ಎಂದು ಕಾರ್ಖಾನೆಯಿಂದ ಫೋನು ಬಂದಿತ್ತು, ಹೌದಾ ಎಂದು ಮುಚ್ಚುಮರೆಯಿಲ್ಲದೆ ಕೇಳಿದ. ಬಾಡಿಗೆ ಕೋಣೆಗಳಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಎಂದು ಮೇಲಿನವರಿಗೆ ತಿಳಿಸುವುದು ತನ್ನ ಜವಾಬ್ದಾರಿ ಅಂದ. ಅವನ ಬೆನ್ನ ಹಿಂದೆ ಓಣಿಯ ಹೆಂಗಸರು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಇಲ್ಲ ಎಂಬ ಒಂದು ಮಾತು ಸಾಕಾಗಿತ್ತು. ನಿಜವಾದ ಮಾತು. ಅತಿಕಾ ಹೇಳಲಿಲ್ಲ. ಬಾಡಿಗೆ ಕಟ್ಟಿದ್ದೇನೆ, ಕಸ ಸರಿಯಾದ ಕಡೆ ಹಾಕುತ್ತೇನೆ, ಇನ್ನೇನು ತಿಳಿಸಬೇಕು ಎಂದಳು. ಬಾಗಿಲು ಹಾಕಿಕೊಂಡಳು.

ದಾರ್ಸಾನೂ ಬಂದ. ಪಿಕಪ್ಪನ್ನು ದೂರದಲ್ಲೇ ನಿಲ್ಲಿಸಿ, ಟೋಪಿ ಕೈಯಲ್ಲಿ ಹಿಡಿದು ಬಂದ. ಡ್ರೈವರುಗಳೆಲ್ಲ ಮಾತಾಡಿಕೊಳ್ಳುತ್ತಿದ್ದಾರೆ ಅಂದ. ನಿಜವಾ ಎಂದು ಕೇಳಿದ. ಅವನಿಗೆ ಹೇಳುವುದು ಬೇರೆ ಮಾತು, ಅವನಿಗೆ ಹಕ್ಕಿತ್ತು ಎಂದು ಅವಳಿಗೆ ಗೊತ್ತಿತ್ತು. ಆದರೆ ಅವನು ಕೇಳಿದ ರೀತಿ ಹೆರ್ಲಿನಾ ಕೇಳಿದ ರೀತಿಯೇ ಆಗಿತ್ತು. ಪಕ್ಕದಲ್ಲಿ ಕೂತು ಹೇಗಿದ್ದೀಯಾ ಎಂದು ಕೇಳಿದ್ದರೆ ಹೇಳಿಬಿಡುತ್ತಿದ್ದಳು. ಅವನು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಪಿಕಪ್ಪು ಆ ಓಣಿಗೆ ಬರುವುದು ಕಡಿಮೆಯಾಯಿತು.

ಅತಿಕಾ ಕರಿದ ಟೋಫು ಮಾರುವವಳ ಗಾಡಿಯಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು. ಕೊಳ್ಳಲು ಬಂದವರ ಕಣ್ಣು ಮೊದಲು ಅವಳ ಹೊಟ್ಟೆಗೆ ಹೋಗುತ್ತಿತ್ತು. ಹೊಟ್ಟೆ ದಪ್ಪವಾಗದೆ ಇದ್ದಾಗ, ತೆಗೆಸಿಕೊಂಡಳಂತೆ ಎಂದಾಯಿತು. ಅದಕ್ಕೂ ಅವಳು ಉತ್ತರ ಕೊಡಲಿಲ್ಲ. ಕೊಡಬೇಕೆಂದು ನಾಲಿಗೆ ತುರಿಸುತ್ತಿತ್ತು. ಕೆಲವು ದಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು, ಯಾರಿಗೂ ಕೇಳಿಸದ ಹಾಗೆ, ನಾನು ಬಸುರಿಯಾಗಿರಲಿಲ್ಲ ಎಂದು ಗೋಡೆಗೆ ಹೇಳುತ್ತಿದ್ದಳು.

ದೂರು ಕೊಡೋಣ ಎಂದು ಎಳೆದುಕೊಂಡು ಹೋದವಳು ಓಮಾ. ಕೆಲಸದ ಹೆಂಗಸರ ಸಂಘದ ವಕೀಲೆಯೊಬ್ಬಳು ಅರ್ಜಿ ಬರೆದುಕೊಟ್ಟಿದ್ದಳು. ಜಿಲ್ಲೆಯ ಕಾರ್ಮಿಕ ಕಚೇರಿಗೆ ಅವರು ಹೋದ ದಿನ ಗೇಟಿನ ಹತ್ತಿರ ಒಂದು ಬೈಕು ನಿಂತಿತ್ತು. ಬೈಕಿನ ಮೇಲೆ ಸುರ್ತಿಯ ಅಪ್ಪ. ಅವನು ರಸ್ತೆ ನೋಡುತ್ತಿದ್ದ. ನೆರಳಲ್ಲಿ, ಬೆನ್ನಿಗೆ ಕೈ ಕೊಟ್ಟುಕೊಂಡು ಸುರ್ತಿ ನಿಂತಿದ್ದಳು. ದಿನ ತುಂಬುತ್ತ ಬಂದ ಹೊಟ್ಟೆ. ಓಮಾ ಸುದ್ದಿ ಕಳಿಸಿದ್ದಳಂತೆ. ಸುರ್ತಿ ಅತಿಕಾಳನ್ನು ನೋಡಿ ನಗಲಿಲ್ಲ. ಬೆನ್ನು ನೋಯ್ತಿದೆ, ಬೇಗ ಮುಗಿಸೋಣ ಎಂದಷ್ಟೇ ಅಂದಳು. ಅತಿಕಾಳಿಗೆ ತಲೆ ಎತ್ತಲಾಗಲಿಲ್ಲ. ಅವಳ ಹಿಂದೆ ನಡೆದಳು.

ಅಧಿಕಾರಿ ಚಿಕ್ಕ ವಯಸ್ಸಿನವನು. ಮರ್ಯಾದೆಯಿಂದ ಮಾತಾಡಿದ. ಕುರ್ಚಿ ತರಿಸಿದ, ನೀರು ಕೊಡಿಸಿದ. ಅರ್ಜಿಯನ್ನು ಪೂರ್ತಿ ಓದಿದ. ಅವನಿಗೆ ಸಿಟ್ಟೂ ಬಂದ ಹಾಗೆ ಕಾಣಿಸಿತು. ಕಂಪ್ಯೂಟರಿನ ಮುಂದೆ ಸರಿದು ಕೂತು, ಗಟ್ಟಿ ಕೇಸು ಇದು ಅಂದ. ಬಸುರಿ ಎಂಬ ಬರಿಯ ಅನುಮಾನದ ಮೇಲೆ ತೆಗೆದದ್ದು ತಪ್ಪು. ಅನುಮಾನ ಸುಳ್ಳೆಂದು ತೋರಿಸಿಬಿಟ್ಟರೆ ಅವರ ಬಾಯಿ ಮುಚ್ಚುತ್ತದೆ ಅಂದ.

“ಆಗ ನೀವು ಬಸುರಿ ಆಗಿದ್ರಾ ಅಮ್ಮಾ, ಇಲ್ವಾ? ಅದೊಂದು ಹೇಳಿ. ಡಾಕ್ಟರ ಚೀಟಿ ಇದ್ರೆ ಇನ್ನೂ ಒಳ್ಳೇದು.”

ಓಮಾ ಅತಿಕಾಳ ಕಡೆ ನೋಡಿದಳು. ಹೇಳು ಎಂಬಂತೆಯೂ ಇರಲಿಲ್ಲ, ಬೇಡ ಎಂಬಂತೆಯೂ ಇರಲಿಲ್ಲ. ಅತಿಕಾಳ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ಇಷ್ಟು ದಿನ ಗೋಡೆಗೆ ಹೇಳಿಕೊಂಡ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಈ ಹುಡುಗ ಅವಳ ಪರವಾಗಿದ್ದ. ಅವಳು ಪಕ್ಕಕ್ಕೆ ನೋಡಿದಳು. ಸುರ್ತಿ ಎದುರಿನ ಗೋಡೆಯನ್ನು ನೋಡುತ್ತ ಕೂತಿದ್ದಳು.

“ಹೇಳಲು ಒಪ್ಪಲಿಲ್ಲ ಅಂತ ಬರ್ಕೊಳ್ಳಿ,” ಅಂದಳು ಅತಿಕಾ.

“ಕೇಸು ಸಡಿಲ ಆಗುತ್ತಮ್ಮಾ. ನಿಮ್ಮ ಒಳ್ಳೇದಕ್ಕೇ ಕೇಳ್ತಿರೋದು.”

“ಎಲ್ಲರೂ ಅದಕ್ಕೇ ಕೇಳ್ತಾರೆ ಸಾರ್. ಕೇಳಬಾರದು ಅಂತಲೇ ನನ್ನ ದೂರು.”

ಅವಳು ಹೇಳಿದ್ದನ್ನೇ ಅವನು ನಿಧಾನವಾಗಿ ಟೈಪು ಮಾಡಿದ. ಅರ್ಜಿಯ ಎರಡನೇ ಹಾಳೆ ತಿರುಗಿಸಿ, ಎರಡನೇ ದೂರುದಾರರು ಯಾರು ಎಂದು ಕೇಳಿದ.

“ನಾನು,” ಅಂದಳು ಸುರ್ತಿ. “ನನ್ನದೂ ಹಾಗೇ ಬರೀರಿ. ಹೇಳಲು ಒಪ್ಪಲಿಲ್ಲ.”

ಅಧಿಕಾರಿಯ ಕಣ್ಣು ಅವಳ ಹೊಟ್ಟೆಯ ಮೇಲೆ ಹೋಯಿತು.

“ನೋಡಬೇಡಿ,” ಅಂದಳು ಸುರ್ತಿ. “ಬರೀರಿ.”